2016ರ ಅಬಾರ್ತ್ ಪುಂಟೊ ಕೊಂಡು ಮಲೆನಾಡಲ್ಲಿ ಸಾಕಬಹುದಾ? ಏನೇನು ನೋಡಬೇಕು?

ತುಂಗೆಯ_ದಡ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. 2016ರ ಫಿಯಟ್ ಅಬಾರ್ತ್ ಪುಂಟೊ (ಮಾಮೂಲಿ ಪುಂಟೊದ ಹೆಚ್ಚು ಪವರ್ ಇರೋ ಮಾದರಿ) ಒಂದು ಮಾರಾಟಕ್ಕಿದೆ. ಪುಣೆ ಗಾಡಿ, ಎಂಎಚ್-12 ನಂಬರು, ಈಗ ಎರಡನೇ ಓನರ್ ಕೈಯಲ್ಲಿದೆ. ಮೀಟರ್ 68 ಸಾವಿರ ತೋರಿಸ್ತಿದೆ. ಸರ್ವಿಸ್ ಬುಕ್ಕಲ್ಲಿ 42 ಸಾವಿರದ ತನಕ ಸೀಲು ಬಿದ್ದಿದೆ, ಅಲ್ಲಿಂದೀಚೆಗೆ "ಹೊರಗೆ ಮಾಡಿಸಿದ್ದು" ಅಂತಾರೆ, ಬಿಲ್ಲಿಲ್ಲ. ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿಗೂ ವಾಲ್ವ್ ತೆರೆಯೋ ಕ್ಯಾಮಿಗೂ ನಡುವಿನ ಪಟ್ಟಿ) ಬದಲಾಗಿದೆಯಾ ಅಂದರೆ "ಆಗಿರಬೇಕು" ಅನ್ನೋ ಉತ್ತರ. ಕೀ ಒಂದೇ ಇದೆ. ಅಬಾರ್ತ್ ಲಾಂಛನವಾದ ಚೇಳಿನ ಗುರುತಿರೋ ಅಲಾಯ್ ವೀಲ್ ನಾಲ್ಕೂ ಇವೆ, ಒಂದರ ಅಂಚು ಸ್ವಲ್ಪ ಬೆಂಡ್.

ಬಳಕೆ ಹೀಗೆ: ವಾರಕ್ಕೆ ಒಂದೆರಡು ಸಲ ಶಿವಮೊಗ್ಗ, ಆಗಾಗ ಆಗುಂಬೆ ಇಳಿದು ಉಡುಪಿ. ಮನೆ ಹತ್ತಿರದ ಕೊನೇ ತುಂಡು ಜಲ್ಲಿ ರಸ್ತೆ. ದಿನದ ಓಡಾಟಕ್ಕೆ ಮನೇಲಿ ಬೇರೆ ಕಾರಿದೆ. ಎಂಜಿನ್ ಹೇಗೆ ಪರೀಕ್ಷೆ ಮಾಡೋದು, ಶಿವಮೊಗ್ಗದಲ್ಲಿ ಕೆಲಸ ಮಾಡಿಸಬಹುದಾ, ಸಾಮಾನು ಸಿಗುತ್ತಾ, ನಮ್ಮ ಮಳೆಗೆ ತಡೆಯುತ್ತಾ, ಇದಿಷ್ಟು ತಿಳಿದವರು ಹೇಳಿ. "ಬೇಡ ಬಿಡಿ, ಸ್ವಿಫ್ಟ್ ತಗೊಳ್ಳಿ" ಅನ್ನೋ ಸಲಹೆ ಮನೇಲೇ ಧಾರಾಳವಾಗಿ ಸಿಕ್ಕಿದೆ.

---

ಘಾಟಿ_ಗೇರ್ (ಶಿವಮೊಗ್ಗ)

ತಗೊಳ್ಳಬಹುದು ಮಾರಾಯ್ರೆ. ಆದರೆ "ಆಗಿರಬೇಕು" ಅನ್ನೋ ಬೆಲ್ಟನ್ನು "ಆಗಿಲ್ಲ" ಅಂತಲೇ ಹಿಡಿದು ರೇಟು ಮಾತಾಡಿ.

ಮೊದಲು ಇದು ಎಂಥ ಗಾಡಿ ಅಂತ. 2015ರ ಅಕ್ಟೋಬರಲ್ಲಿ ಬಂದಾಗ ದೆಹಲಿ ಶೋರೂಂ ಬೆಲೆ 9.95 ಲಕ್ಷ. 1368 ಸಿಸಿ ಟಿ-ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್, 145 ಬಿಎಚ್‌ಪಿ, 212 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 195/55 ಆರ್16 ಟೈರು. ಲೀನಿಯಾ ಟಿ-ಜೆಟ್‌ನಲ್ಲಿದ್ದ ಎಂಜಿನ್ನೇ ಇದು. ಅದರಲ್ಲಿ 114 ಬಿಎಚ್‌ಪಿ ಇತ್ತು, ಇಲ್ಲಿ ಹೆಚ್ಚು ಹಿಂಡಿದ್ದಾರೆ. ಎಂಜಿನ್ ಬ್ಲಾಕ್ ಗಟ್ಟಿ. ಕೈ ಕೊಡೋದು ಅದರ ಸುತ್ತ ಇರೋ ರಬ್ಬರು, ಪ್ಲಾಸ್ಟಿಕ್ಕು, ವೈರು, ಮತ್ತೆ ಹಿಂದಿನ ಓನರ್‌ಗಳ ಉತ್ಸಾಹ.

ಉತ್ಸಾಹ ಅಂದರೆ ರೀಮ್ಯಾಪ್, ಎಂಜಿನ್ ಕಂಪ್ಯೂಟರಿನ (ಇಸಿಯು) ಪ್ರೋಗ್ರಾಂ ಬದಲಾಯಿಸಿ ಪವರ್ ಹೆಚ್ಚಿಸೋದು. ಈ ಗಾಡಿ ತಗೊಂಡವರಲ್ಲಿ ತುಂಬಾ ಜನ ಇಸಿಯು ಟ್ಯೂನ್ ಮಾಡಿಸಿದ್ದಾರೆ. ಮಾರುವಾಗ ಸ್ಟಾಕ್ ಫೈಲು ವಾಪಸ್ ಹಾಕಿಸಿ "ಕಂಪನಿ ಕಂಡೀಶನ್" ಅಂತಾರೆ. ಟ್ಯೂನ್ ಆದ ಗಾಡಿಯಲ್ಲಿ ಮೊದಲು ಸವೆಯೋದು ಕ್ಲಚ್ಚು, ಆಮೇಲೆ ಗೇರ್‌ಬಾಕ್ಸ್. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪು ಕಳೆದಿದೆಯಾ, ಇಂಟರ್‌ಕೂಲರ್ (ಟರ್ಬೊ ಗಾಳಿ ತಣ್ಣಗಾಗಿಸೋದು) ಪೈಪಿಗೆ ಹೊಸ ಕ್ಲಾಂಪ್ ಬಿದ್ದಿದೆಯಾ, ಡ್ಯಾಶ್‌ಬೋರ್ಡಿನ ಕಂಬದಲ್ಲಿ ಬೂಸ್ಟ್ ಗೇಜ್ (ಟರ್ಬೊ ಒತ್ತಡದ ಮೀಟರ್) ಕೂರಿಸಿ ತೆಗೆದ ಸ್ಕ್ರೂ ತೂತು ಇದೆಯಾ, ಸೈಲೆನ್ಸರ್ ಪೈಪಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ ಇಲ್ಲ ಬರೀ ಪೈಪು ವೆಲ್ಡ್ ಮಾಡಿದ್ದಾರಾ, ನೋಡಿ.

ಗಾಡಿ ನೋಡೋಕೆ ಹೋಗೋ ದಿನ "ಎಂಜಿನ್ ಆನ್ ಮಾಡಬೇಡಿ, ನಾನು ಬಂದ ಮೇಲೆ ಮಾಡೋಣ" ಅಂತ ಮುಂಚೆಯೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅರ್ಥ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಕಿವಿ ಕೊಡಿ. ಟಿಕ್ ಟಿಕ್ ಅಂತ ಶಬ್ದ ಬಂದು ಬಿಸಿಯಾಗ್ತಾ ಕಡಿಮೆ ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಲ್ಲಿ ಬಿರುಕು ಬಿಟ್ಟಿದೆ, ಇಲ್ಲ ಸ್ಟಡ್ ಮುರಿದು ಗ್ಯಾಸ್ ಲೀಕ್ ಆಗ್ತಿದೆ. ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳೋದರಿಂದ ಶಬ್ದ ನಿಲ್ಲುತ್ತೆ. ಮುರಿದ ಸ್ಟಡ್ ಹೆಡ್ಡಿಂದ ಈಚೆ ತೆಗೆಯೋದು ಇಡೀ ದಿನದ ಕೆಲಸ.

ಟರ್ಬೊಗೆ: ಎಂಜಿನ್ ಆಫ್ ಮಾಡಿ, ಗಾಳಿ ಒಳಹೋಗೋ ಪೈಪ್ ಬಿಚ್ಚಿ, ಒಳಗಿನ ರೆಕ್ಕೆಯ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇದ್ದರೆ ಪರವಾಗಿಲ್ಲ. ಹಿಂದೆ ಮುಂದೆ ಎಳೆದಾಗ ಆಟ ಇರಲೇಬಾರದು. ರೆಕ್ಕೆ ಗೋಡೆಗೆ ಉಜ್ಜಿದ ಗೆರೆ ಕಂಡರೆ ಆ ಟರ್ಬೊ ಮುಗೀತು. ಪೈಪಲ್ಲಿ ತೆಳುವಾಗಿ ಎಣ್ಣೆ ಹಚ್ಚಿದ ಹಾಗಿದ್ದರೆ ಹೆದರಬೇಡಿ, ಸುರಿಯೋ ಹಾಗಿರಬಾರದು.

ಓಡಿಸುವಾಗ ಮೂರನೇ ಗೇರಲ್ಲಿ 2000 ಆರ್‌ಪಿಎಂ ಹತ್ತಿರ ಇಟ್ಟು ಪೂರ್ತಿ ಒತ್ತಿ. ಎಳೆತ ಒಂದೇ ಸಮ ಏರಬೇಕು. ಜರ್ಕ್ ಹೊಡೆದರೆ ಪ್ಲಗ್ಗು ಇಲ್ಲವೇ ಕಾಯಿಲ್. ಸೊಂಯ್ ಅನ್ನೋ ಸದ್ದು ಬಂದು ಎಳೆತ ಸತ್ತರೆ ಇಂಟರ್‌ಕೂಲರ್ ಪೈಪ್ ಸೀಳಿದೆ, ಇಲ್ಲ ಟರ್ಬೊದ ಹೆಚ್ಚಿನ ಒತ್ತಡ ಬಿಡೋ ಡೈವರ್ಟರ್ ವಾಲ್ವಿನ ಒಳಗಿನ ರಬ್ಬರ್ ಹರಿದಿದೆ. ಅದೇ ಪರೀಕ್ಷೆಯಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರ್ತಿದೆ. ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಬೇಗ ಬೇಗ ಹಾಕಿ ನೋಡಿ. ಕರಕರ ಅಂದರೆ ಸಿಂಕ್ರೊ (ಗೇರ್ ಮೆತ್ತಗೆ ಸೇರಿಸೋ ರಿಂಗ್) ಸವೆದಿದೆ.

ಕೊನೆಗೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು. ಮಾರೋರು ಒಪ್ಪದಿದ್ದರೆ ಅಲ್ಲೇ ಕೈ ಮುಗಿದು ಬನ್ನಿ. ಬಿಸಿ ಎಂಜಿನ್ನಲ್ಲಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಬೇಕು. ಅಂಕಿ ಎಷ್ಟಿದೆ ಅನ್ನೋದಕ್ಕಿಂತ ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಶೇಕಡ 10ರ ಒಳಗೆ ಇರಬೇಕು ಅನ್ನೋದು ಮುಖ್ಯ. ತೆಗೆದ ಪ್ಲಗ್ ಹಾಗೇ ಸಾಲಾಗಿ ಇಟ್ಟು ಬಣ್ಣವನ್ನೂ ನೋಡಿ. ಒಂದು ಮಾತ್ರ ಬೇರೆ ಬಣ್ಣ ಇದ್ದರೆ ಆ ಸಿಲಿಂಡರಲ್ಲಿ ಏನೋ ಇದೆ.

---

ನಗರ_ಹೋಬಳಿ (ಹೊಸನಗರ)

ಒಂದು ಮಾತು. ಅಬಾರ್ತ್ ಪುಂಟೊದ ನೆಲದೆತ್ತರ 155 ಮಿಲಿಮೀಟರ್. ನಮ್ಮ ಪಂಚಾಯ್ತಿ ಹಂಪುಗಳನ್ನು ಅಳತೆ ಹಿಡಿದು ಹಾಕಿದೋರು ಯಾರೂ ಇಲ್ಲ. ನಾಲ್ಕು ಜನ ಕೂತರೆ ಹೊಟ್ಟೆ ಉಜ್ಜೋದು ಗ್ಯಾರಂಟಿ. ಇದೇ ಎಂಜಿನ್ ಹಾಕಿದ ಅವೆಂಚುರಾ ಕೂಡ ಬಂದಿತ್ತು, ಅದಕ್ಕೆ 205 ಮಿಲಿಮೀಟರ್ ಎತ್ತರ. ಪವರ್ ಹೆಚ್ಚುಕಮ್ಮಿ ಅಷ್ಟೇ. ಜಲ್ಲಿ ರಸ್ತೆ ಇರೋರು ಅದನ್ನು ಹುಡುಕೋದು ಲೇಸು.

---

ಘಾಟಿ_ಗೇರ್

ಅವೆಂಚುರಾದ ಆ ಮಾದರಿ ಸಿಕ್ಕರೆ ಪುಣ್ಯ, ಸಿಗಬೇಕಲ್ಲ. ಅದೂ ಅಲ್ಲದೆ ಎತ್ತರ ಆದಷ್ಟೂ ತಿರುವಲ್ಲಿ ವಾಲುತ್ತೆ. ಆಗುಂಬೆಯ 14 ಹೇರ್‌ಪಿನ್‌ನಲ್ಲಿ ಪುಂಟೊ ಕೂತ ಹಾಗೆ ಅದು ಕೂರಲ್ಲ. ಅಬಾರ್ತ್ ಬೇಕು ಅನ್ನೋರಿಗೆ ಬೇಕಾಗಿರೋದೇ ಅದು.

ರಸ್ತೆ ಹಂಪುಗಳಿಗೆ ಉಪಾಯ: ಎಂಜಿನ್ ಕೆಳಗೆ ಗಟ್ಟಿ ಉಕ್ಕಿನ ಗಾರ್ಡ್ ಹಾಕಿಸಿ, ಆಯಿಲ್ ಡ್ರೇನ್ ನಟ್ಟಿಗೆ ಕೈ ಹೋಗೋಷ್ಟು ಕಿಂಡಿ ಇರಲಿ. ಹಂಪನ್ನು ನೇರ ಹತ್ತಿಸದೆ ಓರೆಯಾಗಿ, ಒಂದೊಂದೇ ಚಕ್ರ ದಾಟಿಸಿ. ಸ್ಪ್ರಿಂಗ್ ಮಧ್ಯೆ ರಬ್ಬರ್ ತುರುಕಿ ಎತ್ತರ ಮಾಡೋ ಕೆಲಸ ಬೇಡ. ಡ್ರೈವ್ ಶಾಫ್ಟ್ ಕೋನ ಕೆಟ್ಟು ಬೂಟ್ ಹರಿಯುತ್ತೆ, ಸ್ಪ್ರಿಂಗ್ ಅಡಿಯಿಂದ ಜಿಗಿಯುತ್ತೆ.

---

ಪಾನಾ_14 (ಶಿವಮೊಗ್ಗ)

ಬೆಲ್ಟ್ ವಿಷಯ ನಾನು ಹೇಳ್ತೀನಿ. ಶಿವಮೊಗ್ಗದಲ್ಲಿ ಕೆಲಸ ಮಾಡಿಸಬಹುದಾ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ.

ಟಿ-ಜೆಟ್ಟಲ್ಲಿ ಬೆಲ್ಟ್ ಕಟ್ಟಾದರೆ, ಇಲ್ಲ ಹಲ್ಲು ಜಾರಿದರೆ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತೆ. 16 ವಾಲ್ವಲ್ಲಿ ಎಷ್ಟು ಬಾಗಿವೆ ಅಂತ ಹೆಡ್ ಬಿಚ್ಚಿದ ಮೇಲೇ ಗೊತ್ತಾಗೋದು. ಕಂಪನಿ ಬುಕ್ಕಲ್ಲಿ ಕಿಲೋಮೀಟರ್ ಲೆಕ್ಕ ಉದಾರವಾಗಿದೆ. ಆದರೆ ರಬ್ಬರಿಗೆ ಕಿಲೋಮೀಟರಿಗಿಂತ ವಯಸ್ಸು ಮುಖ್ಯ. 60 ಸಾವಿರ ಕಿಲೋಮೀಟರ್ ಅಥವಾ 5 ವರ್ಷ, ಯಾವುದು ಮೊದಲೋ ಅದು. 2016ರ ಗಾಡಿಗೆ ದಾಖಲೆ ಇಲ್ಲ ಅಂದರೆ ಊರಿಗೆ ಓಡಿಸಿಕೊಂಡು ಬರೋದೂ ಬೇಡ, ಫ್ಲಾಟ್‌ಬೆಡ್ ಮೇಲೆ ತನ್ನಿ.

ಇದರ ಕ್ಯಾಮ್ ಪುಲ್ಲಿಯನ್ನು ಸ್ವಿಫ್ಟಿಗೋ ಸ್ಯಾಂಟ್ರೊಗೋ ಮಾಡೋ ಹಾಗೆ ಗುರುತಿಗೆ ಗುರುತು ಸೇರಿಸಿ ಕೂರಿಸೋಕಾಗಲ್ಲ. ಅದಕ್ಕೆ ಲಾಕಿಂಗ್ ಟೂಲ್ ಸೆಟ್ಟೇ ಬೇಕು. ಕೆಲಸದ ಕ್ರಮ ಇದು: ಬಲಗಡೆ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆಯೋದು. ಆಯಿಲ್ ಚೇಂಬರ್ ಅಡಿ ಮರದ ಹಲಗೆ ಇಟ್ಟು ಜ್ಯಾಕಲ್ಲಿ ಎಂಜಿನ್ ತೂಕ ಹಿಡಿದು ಆ ಬದಿಯ ಮೌಂಟ್ ಬಿಚ್ಚೋದು. ನಾಲ್ಕೂ ಪ್ಲಗ್ ತೆಗೆದು, ಒಂದು ಮತ್ತು ಎರಡನೇ ಸಿಲಿಂಡರಿಗೆ ಅಳತೆ ಟೂಲ್ ಹಾಕಿ, ನಾಲ್ಕೂ ಪಿಸ್ಟನ್ ಒಂದೇ ಎತ್ತರಕ್ಕೆ, ಅಂದರೆ ಅರ್ಧ ದಾರಿಗೆ, ಬರೋ ಹಾಗೆ ಕ್ರ್ಯಾಂಕ್ ನಿಲ್ಲಿಸೋದು. ಮೇಲೆ ಕ್ಯಾಮ್ ಹೌಸಿಂಗಿನ ಎರಡು ಮುಚ್ಚಳ ಬಿಚ್ಚಿ ಅಲ್ಲಿಗೆ ಲಾಕಿಂಗ್ ಪಿನ್ ತಿರುಗಿಸಿ ಕ್ಯಾಮ್ ಹಿಡಿದಿಡೋದು. ಕ್ಯಾಮ್ ಪುಲ್ಲಿ ಬೋಲ್ಟ್ ಸಡಿಲ ಮಾಡಿ ಪುಲ್ಲಿ ತೇಲೋ ಹಾಗೆ ಬಿಟ್ಟು, ಹೊಸ ಬೆಲ್ಟ್ ಹಾಕಿ, ಟೆನ್ಷನರ್ ಬಿಗಿ ಮಾಡಿ, ಆಮೇಲೆ ಪುಲ್ಲಿ ಬೋಲ್ಟ್ ಟಾರ್ಕ್ ರೆಂಚಲ್ಲಿ ಬಿಗಿಯೋದು. ಟೂಲ್ ತೆಗೆದು ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಟೆನ್ಷನರ್ ಗುರುತಿಗೆ ಸರಿಯಾಗಿ ಬಂದಿದೆಯಾ ನೋಡಿ, ಮತ್ತೆ ಪಿನ್ ಹಾಕಿ ಕೂರುತ್ತಾ ಪರೀಕ್ಷೆ. ಪಿನ್ ಕೂರದಿದ್ದರೆ ಮೊದಲಿಂದ ಶುರು.

"ಪೇಂಟಲ್ಲಿ ಗುರುತು ಹಾಕಿ ಬದಲಾಯಿಸ್ತೀನಿ ಸಾರ್" ಅಂತ ಯಾರಾದರೂ ಅಂದರೆ ಅಲ್ಲಿ ಗಾಡಿ ಬಿಡಬೇಡಿ. ಹಳೇ ಬೆಲ್ಟ್ ಹಿಗ್ಗಿರುತ್ತೆ, ಆ ಗುರುತೇ ತಪ್ಪಿರುತ್ತೆ. ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ, ಆದರೆ ಕೆಳಗಿನ ಎಳೆತ ಇರಲ್ಲ. ಆಮೇಲೆ ಎಂಜಿನ್ ಲೈಟ್ ಹತ್ತಿದಾಗ ಸೆನ್ಸರ್ ಮೇಲೆ ಸೆನ್ಸರ್ ಬದಲಾಯಿಸ್ತಾ ಕೂರಬೇಕು.

ಬೆಲ್ಟ್ ಜೊತೆ ಟೆನ್ಷನರ್, ವಾಟರ್ ಪಂಪ್, ಹೊರಗಿನ ಆಲ್ಟರ್ನೇಟರ್ ಬೆಲ್ಟ್, ಕೂಲೆಂಟ್ ಎಲ್ಲವೂ ಹೊಸದೇ. ವಾಟರ್ ಪಂಪ್ ತಿರುಗೋದು ಇದೇ ಟೈಮಿಂಗ್ ಬೆಲ್ಟಿಂದ. ಹಳೇ ಪಂಪ್ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹೋಯ್ತು. ಕೆಲಸ ಮುಗಿದ ಮೇಲೆ ಮಲ್ಟಿಇಸಿಯುಸ್ಕ್ಯಾನ್ ಅನ್ನೋ ಸಾಫ್ಟ್‌ವೇರಲ್ಲಿ ಫೋನಿಕ್ ವೀಲ್ ಕಲಿಕೆ (ಕ್ರ್ಯಾಂಕ್ ಸೆನ್ಸರ್ ಓದೋ ಹಲ್ಲುಚಕ್ರವನ್ನು ಇಸಿಯುಗೆ ಮತ್ತೆ ಪರಿಚಯಿಸೋದು) ಮಾಡಿಸಬೇಕು. ಇಲ್ಲದಿದ್ದರೆ ಮಿಸ್‌ಫೈರ್ ಕೋಡ್ ಸುಮ್ಮನೆ ಬರ್ತಿರುತ್ತೆ.

ಆಟೊ ಕಾಂಪ್ಲೆಕ್ಸ್ ಕಡೆ ಕೈಗೆಲಸ ಬಲ್ಲ ಮೇಸ್ತ್ರಿಗಳಿಗೆ ಬರವಿಲ್ಲ. ಸಸ್ಪೆನ್ಷನ್, ಬ್ರೇಕು, ಟಿಂಕರಿಂಗ್, ಲೇತ್ ಕೆಲಸ ಎಲ್ಲ ಇಲ್ಲೇ ಮಾಡಿಸಿ. ಬೆಲ್ಟಿಗೆ ಮಾತ್ರ ಟೂಲ್ ಸೆಟ್ ಕಣ್ಣಾರೆ ನೋಡಿ, ಆಮೇಲೆ ಕೀ ಕೊಡಿ. ಟೂಲ್ ಸೆಟ್ ನೀವೇ ತರಿಸಿಟ್ಟುಕೊಂಡರೆ ಇನ್ನೂ ಒಳ್ಳೇದು, ಜನ್ಮಕ್ಕೊಂದು ಸಾಕು.

ಸಾಮಾನಿನ ಲೆಕ್ಕ: ಫಿಯಟ್‌ನ 1.3 ಡೀಸೆಲ್ ಎಂಜಿನ್ ಮಾರುತಿ, ಟಾಟಾ ಎರಡರಲ್ಲೂ ಇತ್ತು, ಹಾಗಾಗಿ ಅದರ ಸಾಮಾನು ಬೀದಿ ಬೀದಿಯಲ್ಲಿ ಸಿಗುತ್ತೆ. ಟಿ-ಜೆಟ್ ಪೆಟ್ರೋಲಿಗೆ ಆ ಭಾಗ್ಯ ಇಲ್ಲ. ಅದರ ಹೆಚ್ಚಿನ ಸಂಬಂಧಿಕರು ಯುರೋಪಲ್ಲಿ: ಅಬಾರ್ತ್ 500, ಗ್ರಾಂಡೆ ಪುಂಟೊ, ಬ್ರಾವೊ, ಆಲ್ಫಾ ಮಿಟೊ. ಪಾರ್ಟ್ ನಂಬರ್ ಹಿಡಿದು ಹುಡುಕಿದರೆ ಸಿಗುತ್ತೆ, ಬರೋಕೆ ಸಮಯ ಬೇಕು, ಕಸ್ಟಮ್ಸ್ ಸುಂಕ ಬೇರೆ. ಇಲ್ಲಿ ಫಿಯಟ್ ಹೆಸರಿನ ಕಾರು ಮಾರಾಟ ನಿಂತರೂ ಅದೇ ಕಂಪನಿಯ ಜೀಪ್ ಡೀಲರ್‌ಗಳ ಮೂಲಕ ಸಾಮಾನು ತರಿಸಬಹುದು. ಲೋವರ್ ಆರ್ಮ್, ಬುಷ್, ಲಿಂಕ್ ರಾಡ್, ಬಾಗಿಲು, ಗಾಜು ಇವೆಲ್ಲ ಮಾಮೂಲಿ ಪುಂಟೊದಿಂದ ಬರುತ್ತೆ. ಅಬಾರ್ತಿಗೇ ಮೀಸಲಾದ ಅಲಾಯ್, ಸ್ಪ್ರಿಂಗ್, ಚೇಳಿನ ಬಿಲ್ಲೆ ಹೋದರೆ ಹುಡುಕಾಟ ಶುರು. ಆ ಬೆಂಡಾದ ವೀಲನ್ನು ಟೈರ್ ಬಿಚ್ಚಿಸಿ ಒಳಬದಿಯಿಂದ ನೋಡಿ. ಬೆಂಡ್ ತೆಗೆಸಬಹುದು, ಬಿರುಕಿದ್ದರೆ ವೆಲ್ಡ್ ಮಾಡಿಸಿ ಘಾಟಿಯಲ್ಲಿ ಓಡಿಸೋದು ಬೇಡ.

---

ತುಂಗೆಯ_ದಡ

ತುಂಬಾ ಉಪಕಾರ ಆಯ್ತು. ಪುಣೆಯಲ್ಲಿರೋ ಸಂಬಂಧಿಕರನ್ನು ಕಳಿಸಿ ತಣ್ಣಗಿರುವಾಗಲೇ ನೋಡಿಸಿದೆ. ಟಿಕ್ ಟಿಕ್ ಇಲ್ಲ, ಶಾಫ್ಟಲ್ಲಿ ಹಿಂದೆ ಮುಂದೆ ಆಟ ಇಲ್ಲ, ಕಂಪ್ರೆಷನ್ ನಾಲ್ಕೂ ಹತ್ತಿರ ಹತ್ತಿರ. ಎರಡು ವಿಷಯ ಸಂಶಯ: ಆಯಿಲ್ ತುಂಬೋ ಮುಚ್ಚಳದ ಒಳಗೆ ಬೆಣ್ಣೆ ತರ ಬಿಳಿ ಮೆತ್ತಿದೆ. ಟೆಂಪರೇಚರ್ ಮುಳ್ಳು ಟ್ರಾಫಿಕ್ಕಲ್ಲಿ ಮಧ್ಯಕ್ಕೆ ಬರುತ್ತೆ, ಹೈವೇಗೆ ಹೋದರೆ ಕೆಳಗೆ ಇಳಿಯುತ್ತೆ. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿನ ಅಡಿಯ ಸೀಲು) ಹೋಗಿದೆಯಾ? ಇನ್ನೊಂದು, ಗಾಡಿ ಆನ್ ಮಾಡಿದಾಗ ಕಿಲೋಮೀಟರ್ ಅಂಕಿ ಮಿಣುಕುತ್ತಂತೆ.

---

ಪಾನಾ_14

ಮೊದಲೆರಡೂ ಒಂದೇ ಕಾಯಿಲೆ ಇರಬಹುದು. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡೋ ವಾಲ್ವ್) ತೆರೆದ ಹಾಗೇ ಸಿಕ್ಕಿಕೊಂಡಿದೆ. ಈ ಎಂಜಿನ್ನಿಗೆ ಇದು ಮಾಮೂಲಿ. ಹೈವೇಯಲ್ಲಿ ಗಾಳಿ ಬಡಿದ ಕೂಡಲೇ ಕೂಲೆಂಟ್ ತಣ್ಣಗಾಗುತ್ತೆ, ಎಂಜಿನ್ ತನ್ನ ಬಿಸಿಗೆ ಬರೋದೇ ಇಲ್ಲ. ಬಿಸಿಯಾಗದ ಆಯಿಲ್ಲಿನ ತೇವ ಆವಿಯಾಗಿ ಹೋಗದೆ ಮೇಲೆ ತಣ್ಣನೆ ಮುಚ್ಚಳಕ್ಕೆ ಮೆತ್ತಿಕೊಳ್ಳುತ್ತೆ. ಇಸಿಯು "ಇನ್ನೂ ತಣ್ಣಗಿದೆ" ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯೋದರಿಂದ ಮೈಲೇಜೂ ಬಿದ್ದಿರುತ್ತೆ.

ಖಚಿತ ಮಾಡಿಕೊಳ್ಳೋದು ಹೀಗೆ. ಡಿಪ್‌ಸ್ಟಿಕ್ ಎಳೆದು ನೋಡಿ, ಅಲ್ಲಿ ಆಯಿಲ್ ಶುದ್ಧ ಇದ್ದು ಮುಚ್ಚಳದಲ್ಲಿ ಮಾತ್ರ ಬಿಳಿ ಇದ್ದರೆ ತೇವ. ಡಿಪ್‌ಸ್ಟಿಕ್ಕಲ್ಲೂ ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಗ್ಯಾಸ್ಕೆಟ್. ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆ ತೇಲ್ತಿದೆಯಾ, ಎಂಜಿನ್ ಓಡುವಾಗ ಗುಳ್ಳೆ ಏಳ್ತಿದೆಯಾ, ಮಟ್ಟ ಇಳೀತಿದೆಯಾ ನೋಡಿ. ಮೂರಕ್ಕೂ "ಇಲ್ಲ" ಅಂದರೆ ಸ್ಕ್ಯಾನರ್ ಹಾಕಿ ಓಡಿಸಿ. ಕೂಲೆಂಟ್ ಬಿಸಿ 85ರಿಂದ 95 ಡಿಗ್ರಿಯಲ್ಲಿ ನಿಲ್ಲಬೇಕು. ಹೈವೇಯಲ್ಲಿ 70ಕ್ಕೆ ಇಳಿದರೆ ಥರ್ಮೋಸ್ಟಾಟ್ ಹೌಸಿಂಗ್ ಸಮೇತ ಬದಲಾಯಿಸಿ, ಪ್ಲಾಸ್ಟಿಕ್ ಹಳತಾಗಿ ಸಂದಿಯಲ್ಲಿ ಜಿನುಗೋದೂ ಇದೆ. ಬೆಲ್ಟ್ ಕೆಲಸದ ದಿನವೇ ಮಾಡಿದರೆ ಕೂಲೆಂಟ್ ಒಂದೇ ಸಲ ಖಾಲಿ ಮಾಡಿದ ಹಾಗಾಗುತ್ತೆ.

ತುಂಬುವಾಗ ಕೆಂಪು ಓಎಟಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಹಸಿರಿನ ಜೊತೆ ಬೆರೆಸಬೇಡಿ, ಬಾವಿ ನೀರಂತೂ ಬೇಡವೇ ಬೇಡ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಏರ್ ಬಿಡೋ ಸ್ಕ್ರೂ ಸಡಿಲಿಸಿ, ನಿಧಾನ ಹುಯ್ಯಿರಿ. ಒಳಗೆ ಗಾಳಿ ಉಳಿದರೆ ಘಾಟಿ ಹತ್ತುವಾಗ ಮುಳ್ಳು ಏಕಾಏಕಿ ಏರುತ್ತೆ.

ಮಿಣುಕೋ ಅಂಕಿ ಬೇರೆ ಕಥೆ. ಬಾಡಿ ಕಂಪ್ಯೂಟರಿಗೂ ಮೀಟರಿಗೂ ಬೇರೆ ಮಾಡ್ಯೂಲುಗಳಿಗೂ ಹೊಂದಾಣಿಕೆ ತಪ್ಪಿದಾಗ ಫಿಯಟ್ ಹೀಗೆ ಹೇಳುತ್ತೆ. ಹಳೇ ಬ್ಯಾಟರಿಯಿಂದ ಆಗಿರಬಹುದು, ಯಾವುದೋ ಮಾಡ್ಯೂಲ್ ಬದಲಾಗಿರಬಹುದು, ಮೀಟರನ್ನೇ ಬದಲಾಯಿಸಿರಲೂಬಹುದು. ಕೊನೇದಾದರೆ ನಿಮ್ಮ 68 ಸಾವಿರ ನಂಬೋ ಹಾಗಿಲ್ಲ. ಸ್ಕ್ಯಾನರಲ್ಲಿ ಪ್ರಾಕ್ಸಿ ಅಲೈನ್‌ಮೆಂಟ್, ಅಂದರೆ ಆ ಮಾಡ್ಯೂಲುಗಳ ಹೊಂದಾಣಿಕೆ, ಮಾಡಿಸಿದರೆ ಮಿಣುಕು ನಿಲ್ಲುತ್ತೆ. ಆದರೆ ನಿಲ್ಲಿಸೋಕೆ ಮುಂಚೆ ಯಾಕೆ ಅಂತ ಕೇಳಿ. ಪೆಡಲ್ ರಬ್ಬರ್, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಅಂಚು ನೋಡಿ ಹೋಲಿಸಿ. 42 ಸಾವಿರದ ಸೀಲಿನ ತಾರೀಖು ಯಾವುದು? ಮೊದಲ ಮೂರು ವರ್ಷಕ್ಕೇ 42 ಆಗಿದ್ದರೆ ಆಮೇಲಿನ ಅಷ್ಟೂ ವರ್ಷಕ್ಕೆ ಬರೀ 26 ಸಾವಿರ ಅನ್ನೋದಕ್ಕೆ ಕಾರಣ ಬೇಕು.

---

ನಗರ_ಹೋಬಳಿ

ನಾನು ಬೇಡ ಅಂದೋನಲ್ಲ, ಆದರೂ ತಗೊಳ್ಳೋದೇ ಆದರೆ ಮಳೆಗಾಲದ ತಯಾರಿ ಕೇಳಿ. ಪುಣೆ ಒಣ ಊರು. ಆ ಗಾಡಿಗೆ ನಮ್ಮ ಜೂನ್ ಗೊತ್ತಿಲ್ಲ.

ಬ್ಯಾಟರಿಯ ನೆಗೆಟಿವ್‌ನಿಂದ ಗೇರ್‌ಬಾಕ್ಸಿಗೆ, ಬಾಡಿಗೆ ಹೋಗೋ ಅರ್ಥ್ ಪಟ್ಟಿ ಪುಂಟೊಗಳ ಹಳೇ ರೋಗ. ಹೊರಗೆ ಚೆನ್ನಾಗೇ ಕಾಣುತ್ತೆ, ಹೆಣೆದ ತಂತಿಯ ಒಳಗೆ ಹಸಿರು ಕಿಲುಬು ಹಿಡಿದಿರುತ್ತೆ. ಆಗ ಒಂದಿನ ಏರ್‌ಬ್ಯಾಗ್ ಲೈಟು, ಒಂದಿನ ಎಬಿಎಸ್ ಲೈಟು, ಒಂದಿನ ಸ್ಟಾರ್ಟರ್ ಮೊಂಡು, ಹೀಗೆ ದೆವ್ವ ಹಿಡಿದ ಹಾಗೆ ಆಡುತ್ತೆ. ಸ್ಕ್ಯಾನರ್ ಹಿಡಿದು ಓಡಾಡೋ ಮುಂಚೆ ಹೊಸ ಪಟ್ಟಿ ಹಾಕಿ. ಕೂರೋ ಜಾಗದ ಪೇಂಟು, ತುಕ್ಕು ಉಜ್ಜಿ ಲೋಹ ಹೊಳೆಯೋ ಹಾಗೆ ಮಾಡಿ, ಬೋಲ್ಟ್ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ.

ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕೂತರೆ ನೀರು ಹೋಗೋ ತೂತು ಕಟ್ಟಿ ಒಳಗೆ ಫುಟ್‌ಬೋರ್ಡಿಗೆ ಇಳಿಯುತ್ತೆ. ಮರದಡಿ ನಿಲ್ಲಿಸೋರಾದರೆ ಮಳೆಗಾಲದಲ್ಲಿ ವಾರಕ್ಕೊಂದು ಸಲ ಕೈ ಹಾಕಿ ತೆಗೀರಿ. ಬಾಗಿಲ ಕೆಳ ಅಂಚಿನ ತೂತುಗಳಿಗೂ ಕಡ್ಡಿ ಆಡಿಸಿ. ಕೆಳಗೆ ಮಲಗಿ ನೋಡೋರು ಉಂಬಳಕ್ಕೆ (ಜಿಗಣೆಗೆ) ಉಪ್ಪು ಜೇಬಲ್ಲಿಟ್ಟುಕೊಳ್ಳಿ, ಅದನ್ನು ಯಾವ ಮ್ಯಾನುಯಲ್ಲೂ ಹೇಳಲ್ಲ.

ಹಿಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರಲ್ಲೇ ಹ್ಯಾಂಡ್‌ಬ್ರೇಕ್ ಕೂಡ ಇದೆ. ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಮಳೆಯಲ್ಲಿ ನಿಲ್ಲಿಸಿದರೆ ಹಿಡಿದುಕೊಳ್ಳುತ್ತೆ. ಮನೇಲಿ ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಒಂದು ಸುತ್ತು ಓಡಿಸಿ ಬಂದು ಹಿಂದಿನ ಎರಡೂ ರಿಮ್ಮಿನ ಹತ್ತಿರ ಕೈ ತನ್ನಿ, ಒಂದು ಕಡೆ ಮಾತ್ರ ಬಿಸಿ ಹೊಡೆದರೆ ಆ ಕ್ಯಾಲಿಪರ್ ಬಿಡ್ತಿಲ್ಲ. ಪ್ಯಾಡ್ ಬದಲಾಯಿಸುವಾಗ ಹಿಂದಿನ ಪಿಸ್ಟನ್ನನ್ನು ತಿರುಗಿಸ್ತಾ ಒಳಗೆ ತಳ್ಳಬೇಕು. ಸಿ-ಕ್ಲಾಂಪ್ ಹಾಕಿ ಒತ್ತಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಸ್ಕ್ರೂ ಮುರಿದು ಕ್ಯಾಲಿಪರ್ ಗುಜರಿಗೆ. ಬ್ರೇಕ್ ಆಯಿಲ್ ಡಾಟ್ 4, ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ನೀರು ಸೇರಿದ ಆಯಿಲ್ ಘಾಟಿ ಇಳಿಯುವಾಗ ಕುದ್ದು ಪೆಡಲ್ ಮೆತ್ತಗಾಗುತ್ತೆ. ಆಗುಂಬೆಯಾಗಲಿ ಹುಲಿಕಲ್ ಘಾಟಿಯಾಗಲಿ, ಎರಡನೇ ಗೇರಲ್ಲೇ ಇಳೀರಿ. ಕ್ಲಚ್ಚಿಗೂ ಅದೇ ಡಬ್ಬಿಯ ಆಯಿಲ್, ಬದಲಾಯಿಸುವಾಗ ಆ ಲೈನಿಂದಲೂ ಗಾಳಿ ತೆಗೆಸಿ.

ರಸ್ತೆ ಮೇಲೆ ಹಳ್ಳ ಹರೀತಿದ್ದರೆ ಚಕ್ರದ ನಡುಮಟ್ಟಕ್ಕಿಂತ ಮೇಲಿನ ನೀರಿಗೆ ಇಳಿಸಬೇಡಿ. ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ನೀರಲ್ಲಿ ಆಫ್ ಆದರೆ ಸೆಲ್ಫ್ ಹೊಡೀಬೇಡಿ, ತಳ್ಳಿಸಿ ಆಚೆ ತಂದು ಪ್ಲಗ್ ಬಿಚ್ಚಿ ನೀರಿದೆಯಾ ನೋಡಿ.

ಇಲಿ. ಅಡಿಕೆ ಒಣಹಾಕೋ ಮನೆಯಲ್ಲಿ ಬಿಸಿ ಎಂಜಿನ್ ಅವಕ್ಕೆ ಹಾಸಿಗೆ. ಬಾನೆಟ್ ಅಡಿ ತಂಬಾಕಿನ ಎಸಳು, ನಾಫ್ತಲಿನ್ ಕಟ್ಟೋದು ಸ್ವಲ್ಪ ಮಟ್ಟಿಗೆ ಸರಿ. ಬಾನೆಟ್ ಅರ್ಧ ಎತ್ತಿ ಬೆಳಕು ಬಿಡೋದು ಅದಕ್ಕಿಂತ ಮೇಲು.

---

ಸಾಗರ_15

ಕಾಗದಪತ್ರ ಚಿಕ್ಕದಾಗಿ. ಪುಣೆ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ವರ್ಗಾವಣೆಗೆ 29 ಮತ್ತು 30, ಸಾಲ ಇದ್ದು ತೀರಿದ್ದರೆ ಬ್ಯಾಂಕಿನ ಸಹಿ ಬಿದ್ದ ಫಾರಂ 35. ಎನ್‌ಒಸಿ ಕೈಗೆ ಬರೋ ತನಕ ಒಂದಷ್ಟು ದುಡ್ಡು ತಡೆದಿಡಿ. ಮಹಾರಾಷ್ಟ್ರದ ಬಾಕಿ ಚಲನ್ ಆನ್‌ಲೈನಲ್ಲಿ ನೋಡಿ, ಅದು ಕಟ್ಟದೆ ಎನ್‌ಒಸಿ ಮುಂದೆ ಹೋಗಲ್ಲ. ಇಲ್ಲಿ ಕೆಎ-14 ನಂಬರಿಗೆ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಗಾಡಿ ವಯಸ್ಸಿನ ಪ್ರಕಾರ ಕಡಿಮೆ ಆಗುತ್ತೆ, ಆದರೂ ಸಣ್ಣ ಮೊತ್ತ ಅಲ್ಲ. ರೇಟು ಮಾತಾಡೋ ಮುಂಚೆ ಲೆಕ್ಕ ಹಾಕಿಸಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ. ಆರ್‌ಸಿ ಅವಧಿ 15 ವರ್ಷ, ಅಂದರೆ 2031ರಲ್ಲಿ ಫಾರಂ 25 ಕೊಟ್ಟು ನವೀಕರಣ.

ಒಂದೇ ಕೀ ಅಂದಿರಿ. ಫಿಯಟ್ ಕೋಡ್ ಕಾರ್ಡ್ ಅಂತ ಒಂದು ಪ್ಲಾಸ್ಟಿಕ್ ಕಾರ್ಡ್ ಇರುತ್ತೆ, ಅದು ಕೇಳಿ ತಗೊಳ್ಳಿ. ಹೊಸ ಕೀ ಪ್ರೋಗ್ರಾಂ ಮಾಡಿಸುವಾಗ ಇರೋ ಕೀ ಎಲ್ಲವನ್ನೂ ಒಯ್ಯಬೇಕು, ಆಗ ಎದುರಿಗಿಲ್ಲದ ಕೀ ನೆನಪಿಂದ ಅಳಿಸಿಹೋಗುತ್ತೆ. ಇದರಲ್ಲೊಂದು ಲಾಭ ಇದೆ: ಕಳೆದ ಕೀ ಯಾರ ಕೈಲಿದ್ದರೂ ಅದರಿಂದ ಗಾಡಿ ಸ್ಟಾರ್ಟ್ ಆಗಲ್ಲ.

---

ತುಂಗೆಯ_ದಡ

42 ಸಾವಿರದ ಸೀಲು 2020ರ ಫೆಬ್ರವರಿಯದ್ದು. ಲಾಕ್‌ಡೌನಲ್ಲಿ ಗಾಡಿ ನಿಂತಿತ್ತು, ಬ್ಯಾಟರಿ ಸತ್ತಿತ್ತು, ಆಮೇಲಿಂದ ಅಂಕಿ ಮಿಣುಕೋದು ಅಂತಾರೆ. ಸೀಟು, ಪೆಡಲ್ ಹೊಸದರ ಹಾಗಿವೆ ಅಂತ ನೋಡಿದೋರ ಮಾತು. ಹೈವೇಯಲ್ಲಿ ಸ್ಕ್ಯಾನರ್ 68 ಡಿಗ್ರಿ ತೋರಿಸ್ತು, ಡಿಪ್‌ಸ್ಟಿಕ್ ಶುದ್ಧ. ಫ್ಲಾಟ್‌ಬೆಡ್ ಮಾತಾಡ್ತಿದ್ದೇನೆ. ಬೆಲ್ಟ್, ಥರ್ಮೋಸ್ಟಾಟ್ ಆದ ಮೇಲೆ ಆಯಿಲ್ಲು, ಪ್ಲಗ್ಗು, ಪೆಟ್ರೋಲ್ ಯಾವುದು?

---

ಘಾಟಿ_ಗೇರ್

ಎಂಜಿನ್ ಆಯಿಲ್ 5ಡಬ್ಲ್ಯು-40 ಪೂರ್ತಿ ಸಿಂಥೆಟಿಕ್. ಮೊದಲು ಎರಡೂವರೆ ಲೀಟರ್ ಹುಯ್ದು, ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಉಳಿದದ್ದು ಸೇರಿಸಿ. ಮ್ಯಾಕ್ಸ್ ಗೆರೆ ದಾಟಿಸಬೇಡಿ. ಹೆಚ್ಚಾದ ಆಯಿಲ್ ಬ್ರೀದರ್ ಮೂಲಕ ಟರ್ಬೊ ಪೈಪಿಗೆ ಬರುತ್ತೆ. ಬುಕ್ಕಲ್ಲಿ ಏನೇ ಇರಲಿ, 7,500 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ ಬದಲಾಯಿಸಿ. ಟರ್ಬೊ ಬೇರಿಂಗಿಗೆ ಇರೋದು ಇದೊಂದೇ ಎಣ್ಣೆ. ಘಾಟಿ ಹತ್ತಿ ಮೇಲೆ ಟೀ ಅಂಗಡಿ ಮುಂದೆ ನಿಲ್ಲಿಸಿದರೆ ಒಂದು ನಿಮಿಷ ಐಡಲ್ಲಲ್ಲಿ ಬಿಟ್ಟು ಆಫ್ ಮಾಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಮುಳ್ಳು ಮಧ್ಯಕ್ಕೆ ಬರೋ ತನಕ 3000 ಆರ್‌ಪಿಎಂ ದಾಟಿಸಬೇಡಿ.

ಗೇರ್ ಆಯಿಲ್ 75ಡಬ್ಲ್ಯು-85, ಜಿಎಲ್-4. ಅಂಗಡಿಯೋರು ಜಿಎಲ್-5 ಕೊಟ್ಟು "ಇದು ಇನ್ನೂ ಮೇಲ್ದರ್ಜೆ ಸಾರ್" ಅಂತಾರೆ, ಬೇಡ. ಅದರ ಗಂಧಕದ ಸಂಯುಕ್ತ ಹಿತ್ತಾಳೆ ಸಿಂಕ್ರೊ ರಿಂಗನ್ನು ತಿನ್ನಬಹುದು.

ಪ್ಲಗ್ ಇರಿಡಿಯಂ, ಬಿಚ್ಚಿದ ಕಂಪನಿ ಪ್ಲಗ್ಗಿನ ಮೇಲಿನ ನಂಬರನ್ನೇ ತರಿಸಿ. 30 ಸಾವಿರಕ್ಕೊಮ್ಮೆ. ಕಂಪ್ರೆಷನ್ ಟೆಸ್ಟ್ ಬಿಟ್ಟರೆ ತಣ್ಣಗಿರೋ ಹೆಡ್ಡಲ್ಲಿ ಮಾತ್ರ ಬಿಚ್ಚಿ, ಅಲ್ಯೂಮಿನಿಯಂ ಮರೆ ಬಿಸಿಯಲ್ಲಿ ಕಿತ್ತುಬರಬಹುದು.

ಪೆಟ್ರೋಲ್ 95 ಆಕ್ಟೇನಿಗಿಂತ ಕಡಿಮೆ ಬೇಡ. ಕಡಿಮೆಯಾದರೆ ನಾಕ್ ಸೆನ್ಸರ್ ಕಿಡಿಯ ಸಮಯ ಹಿಂದಕ್ಕೆಳೆದು ಎಂಜಿನ್ ಉಳಿಸುತ್ತೆ, ಪವರ್ ಹೋಗುತ್ತೆ. ಇದು ಶೇಕಡ 20 ಎಥನಾಲ್ ಲೆಕ್ಕ ಹಾಕಿ ಮಾಡಿದ ಗಾಡಿ ಅಲ್ಲ. ಹಾಗಾಗಿ ಇಂಜೆಕ್ಟರ್ ರೈಲಿಗೆ ಬರೋ ಪೆಟ್ರೋಲ್ ಪೈಪ್, ಇಂಜೆಕ್ಟರ್ ಓ-ರಿಂಗ್ ಪ್ರತಿ ಸರ್ವಿಸಲ್ಲೂ ಮೂಸಿ, ಮುಟ್ಟಿ ನೋಡಿ. ಗಟ್ಟಿಯಾಗಿ ಬಿರುಕು ಕಂಡರೆ ಬದಲಾಯಿಸಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಬಾರದು. ಎಥನಾಲ್ ತೇವ ಹೀರುತ್ತೆ. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ವಾರಕ್ಕೊಂದು ಸಲ ಅರ್ಧ ಗಂಟೆ ಓಡಿಸಿದರೆ ಅದೂ ಬೇಡ.

ಡಿಕ್ಕಿಯಲ್ಲಿ ಒಂದು ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್ ಬೆಲ್ಟ್, ಇಂಟರ್‌ಕೂಲರ್ ಪೈಪ್ ಕ್ಲಾಂಪ್ ಎರಡು, ಒಂದು ಲೀಟರ್ ಕೂಲೆಂಟ್, ಎಂಜಿನ್ ಕೋಡ್ ಓದೋ ಬ್ಲೂಟೂತ್ ಒಬಿಡಿ ಡೋಂಗಲ್ ಇಟ್ಟುಕೊಳ್ಳಿ. ಆಗುಂಬೆ ಮೇಲೆ ಕಾಯಿಲ್ ಹೋದರೆ ತೀರ್ಥಹಳ್ಳಿ ಅಂಗಡಿಯಲ್ಲಿ ಸಿಗಲ್ಲ, ಬದಲಾಯಿಸೋಕೆ ಮಾತ್ರ ಒಂದು ಪಾನಾ ಸಾಕು.